ತಿಳಿಯದವರ ಹಿಂದೆ ನಿಂತ ತಿಳಿದವರು

ಮಹಾಭಾರತದ ವನಪರ್ವದಲ್ಲಿ ಒಬ್ಬ ಹುಡುಗ ಅಂದು ಆಶ್ರಮಕ್ಕೆ ಬಂದಿದ್ದ ಅತಿಥಿಯನ್ನು ತಂದೆಯ ಮುಂದೆ ವರ್ಣಿಸುತ್ತಾನೆ. ಬಂದವನೊಬ್ಬ ಬ್ರಹ್ಮಚಾರಿಯಂತೆ. ಕುಳ್ಳನೂ ಅಲ್ಲ, ತೀರ ಎತ್ತರದವನೂ ಅಲ್ಲ. ಮೈಬಣ್ಣ ಬಂಗಾರ. ನೀಳವಾದ ಜಡೆ ಘಮಘಮಿಸುತ್ತಿತ್ತು, ಅದನ್ನು ಚಿನ್ನದ ಎಳೆಗಳಿಂದ ಕಟ್ಟಿದ್ದ. ಕೊರಳ ಕೆಳಗೆ ರೋಮವಿಲ್ಲದ, ಬಹು ಮನೋಹರವಾದ ಎರಡು ಉಂಡೆಗಳು. ನನ್ನ ಸೊಂಟದಲ್ಲಿ ಮುಂಜಹುಲ್ಲಿನ ಹುರಿ ಇರುವ ಕಡೆ ಅವನಿಗೆ ಹೊಳೆಯುವ ಪಟ್ಟಿ. ಅವನು ಕೊಟ್ಟ ಹಣ್ಣುಗಳಿಗೆ ನಮ್ಮ ಕಾಡುಹಣ್ಣುಗಳ ಹಾಗೆ ಸಿಪ್ಪೆಯೂ ಇಲ್ಲ, ಗೊರಟೆಯೂ ಇಲ್ಲ. ಅವನು ಕೊಟ್ಟ ನೀರು ಕುಡಿದರೆ ನೆಲವೇ ತೂಗಾಡಿದಂತಾಯಿತು. ನನ್ನ ಜಟೆ ಹಿಡಿದು ಮುಖ ಬಾಗಿಸಿ ಬಾಯಿಗೆ ಬಾಯಿಟ್ಟು ಏನೋ ಸದ್ದು ಮಾಡಿದ. ಅದರಿಂದ ನನಗೆ ಹರ್ಷವಾಯಿತು. ಅಪ್ಪಾ, ಅವನು ಮಾಡುವ ತಪಸ್ಸನ್ನೇ ನಾನೂ ಮಾಡಬೇಕು, ಅವನಿರುವಲ್ಲಿಗೆ ನಾನು ಹೋಗಬೇಕು.

ಹುಡುಗ ಋಷ್ಯಶೃಂಗ. ಅಪ್ಪ ವಿಭಾಂಡಕ ಮಗನನ್ನು ಹುಟ್ಟಿದಂದಿನಿಂದ ಕಾಡಿನಲ್ಲೇ ಬೆಳೆಸಿದ್ದಾನೆ. ತಂದೆಯನ್ನು ಬಿಟ್ಟು ಬೇರೆ ಮನುಷ್ಯರನ್ನೇ ಮಗ ಕಂಡಿಲ್ಲ. ಅತ್ತ ಅಂಗದೇಶದಲ್ಲಿ ಮಳೆ ನಿಂತಿದೆ. ಈ ಹುಡುಗನ ಕಾಲು ಬಿದ್ದರೆ ಮಳೆ ಬರುತ್ತದೆಂದು ಬಲ್ಲವರು ದೊರೆ ಲೋಮಪಾದನಿಗೆ ಹೇಳಿದ್ದಾರೆ. ದೋಣಿಯ ಮೇಲೆ ಆಶ್ರಮದಂತೆಯೇ ಒಂದು ನೆಲೆ ಕಟ್ಟಿಸಿಕೊಂಡು ಗಣಿಕೆಯರು ಬಂದಿದ್ದಾರೆ. ಶೃಂಗೇರಿಯ ಬಳಿ ಕಿಗ್ಗದ ಋಷ್ಯಶೃಂಗೇಶ್ವರನಿಗೆ ಮಳೆ ಬೇಡಿ ಇಂದಿಗೂ ಪೂಜೆ ಸಲ್ಲುವುದರ ಹಿಂದೆ ಇರುವುದು ಇದೇ ಕಥೆ.

ನಾನು ತತ್ತ್ವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ನಮ್ಮ ಪಠ್ಯಕ್ರಮ ಸತ್ಯವನ್ನು ತರ್ಕಶಾಸ್ತ್ರಕ್ಕೂ ಜ್ಞಾನವನ್ನು ಪ್ರಮಾಣಮೀಮಾಂಸೆಗೂ ಹಂಚಿಕೊಟ್ಟು, ಮುಗ್ಧತೆಯನ್ನು ಸಾಹಿತ್ಯ ವಿಭಾಗದವರು ನೋಡಿಕೊಳ್ಳಲಿ ಎಂದು ಬಿಟ್ಟುಬಿಡುತ್ತದೆ. ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡದೆ ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಋಷ್ಯಶೃಂಗನ ಆ ವರ್ಣನೆಯನ್ನೇ ನೋಡಿ. ಅವನ ಕಣ್ಣು, ಕಿವಿ, ಮೂಗು, ನಾಲಿಗೆ ಯಾವುದೂ ಅವನಿಗೆ ಮೋಸ ಮಾಡಿಲ್ಲ. ಅವನು ಒಂದು ಸುಳ್ಳನ್ನೂ ಆಡಿಲ್ಲ. ವಿವರ ವಿವರವಾಗಿ ತೆಗೆದುಕೊಂಡರೆ ಎಲ್ಲವೂ ನಿಜ. ಆದರೂ ಬಂದದ್ದು ಬ್ರಹ್ಮಚಾರಿಯಲ್ಲ, ಕುಡಿದದ್ದು ನೀರಲ್ಲ, ನಡೆದದ್ದು ತಪಸ್ಸಲ್ಲ. ಕಂಡದ್ದೆಲ್ಲ ಸತ್ಯವಾಗಿದ್ದರೂ ತಿಳಿದದ್ದು ಸುಳ್ಳಾಗಬಹುದು.

ಮುಗ್ಧತೆಯ ಬಗ್ಗೆ ನಮ್ಮ ಮನಸ್ಸಿನಲ್ಲಿ ಒಂದು ಸಿದ್ಧ ಚಿತ್ರವಿದೆ. ತಿಳಿಯದವನು ಶುದ್ಧ, ತಿಳಿದ ಮೇಲೆ ಶುದ್ಧಿ ಹೋಯಿತು. ಬೈಬಲ್ಲಿನ ಆದಿಕಾಂಡದಲ್ಲಿ ಹಣ್ಣು ತಿಂದ ಕೂಡಲೇ ಕಣ್ಣು ತೆರೆದು ತಾವು ಬೆತ್ತಲೆಯಿದ್ದೇವೆಂದು ಆ ಇಬ್ಬರಿಗೆ ಗೊತ್ತಾಗುತ್ತದೆ. ಆದಾಮ, ಹವ್ವ ಇಬ್ಬರೂ ತೋಟದಿಂದ ಹೊರಗೆ ಹೋಗಬೇಕಾಗುತ್ತದೆ. ಪಶ್ಚಿಮದ ಕಾವ್ಯಕ್ಕೆ ಈ ಚಿತ್ರ ಶತಮಾನಗಳ ಕಾಲ ಬಂಡವಾಳವಾಗಿದೆ. ಆದರೆ ಋಷ್ಯಶೃಂಗ ತಿಳಿದ ಮೇಲೆ ಹಾಳಾಗುವುದಿಲ್ಲ. ಅಂಗದೇಶಕ್ಕೆ ಮಳೆ ಬರುತ್ತದೆ, ಅವನು ದೊರೆಯ ಮಗಳು ಶಾಂತೆಯನ್ನು ಮದುವೆಯಾಗುತ್ತಾನೆ, ಮುಂದೆ ರಾಮಾಯಣದಲ್ಲಿ ದಶರಥನ ಪುತ್ರಕಾಮೇಷ್ಟಿಯನ್ನು ನಡೆಸಿಕೊಡುವವನೂ ಅವನೇ. ತಿಳಿವು ಅವನಿಂದ ಏನನ್ನೂ ಕಿತ್ತುಕೊಂಡಂತೆ ಕಾಣುವುದಿಲ್ಲ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವರು ಬೇರೆಯವರು. ಮಗನಿಗೆ ಹೆಣ್ಣೆಂಬುದೇ ತಿಳಿಯದ ಹಾಗೆ ಬೆಳೆಸಿದ ಅಪ್ಪನಿಗೆ ಎಲ್ಲ ಗೊತ್ತಿತ್ತು. ಆ ಅರಿಯದಿರುವಿಕೆಯನ್ನು ತನ್ನ ನಾಡಿಗೆ ತರಿಸಿಕೊಂಡ ದೊರೆಗೆ ಎಲ್ಲ ಗೊತ್ತಿತ್ತು. ಬ್ರಹ್ಮಚಾರಿಯೆಂದು ಕರೆಸಿಕೊಂಡ ಗಣಿಕೆಗೂ ಗೊತ್ತಿತ್ತು. ಮೂವರು ಬಲ್ಲವರ ನಡುವೆ ಒಬ್ಬ ಅರಿಯದವನು. ಮುಗ್ಧತೆಯನ್ನು ನಾವು ಮುಗ್ಧನ ಗುಣವೆಂದು ನೋಡುತ್ತೇವೆ. ಆದರೆ ಬಹಳಷ್ಟು ಸಲ ಅದು ಯಾರೋ ತಿಳಿದವರು ಕಾಯ್ದಿಟ್ಟದ್ದು, ಅಥವಾ ಬಳಸಿಕೊಂಡದ್ದು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ: ಒಬ್ಬರಿಗೆ ಒಂದು ಸತ್ಯ ಗೊತ್ತಿಲ್ಲ ಎಂದಾಗ, ಅದು ಗೊತ್ತಿದ್ದವರು ಯಾರು ಎಂದು ಕೇಳಬೇಕು.

ಅದಕ್ಕೆ ಮೊದಲು ‘ಗೊತ್ತು’ ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ನಂಬಿದ್ದು ನಿಜವಾಗಿಬಿಟ್ಟರೆ ಅದು ಜ್ಞಾನವೇ? ಪ್ಲೇಟೋನ ‘ಮೆನೋ’ ಸಂವಾದದಲ್ಲಿ ಸಾಕ್ರಟೀಸ್ ಈ ಪ್ರಶ್ನೆಯನ್ನು ಎತ್ತುತ್ತಾನೆ: ಲಾರಿಸ್ಸಾ ಊರಿನ ದಾರಿ ಬಲ್ಲವನೂ, ಬಲ್ಲದೆ ಸರಿಯಾಗಿ ಊಹಿಸಿದವನೂ, ಇಬ್ಬರೂ ಊರು ಮುಟ್ಟಿಸುತ್ತಾರಲ್ಲ, ಹಾಗಾದರೆ ವ್ಯತ್ಯಾಸವೇನು? ಸರಿಯಾದ ಊಹೆ, ದಂತಕಥೆಯ ನಡೆದಾಡುವ ಪ್ರತಿಮೆಯನ್ನು ಕಟ್ಟಿಹಾಕದಿದ್ದರೆ ಆಗುವಂತೆ, ಓಡಿಹೋಗುತ್ತದೆ, ಕಾರಣದ ಹಗ್ಗದಿಂದ ಕಟ್ಟಿದಾಗ ಅದು ಜ್ಞಾನವಾಗಿ ನಿಲ್ಲುತ್ತದೆ ಎಂಬುದು ಅವನ ಉತ್ತರ. ಸತ್ಯವಾಗಿರಬೇಕು, ನಂಬಿರಬೇಕು, ನಂಬಲು ಆಧಾರವಿರಬೇಕು. ಈ ಮೂರು ಸೇರಿದರೆ ಜ್ಞಾನ ಎಂಬ ಲೆಕ್ಕಾಚಾರ ಪಶ್ಚಿಮದಲ್ಲಿ ಬೆಳೆದುಬಂತು. 1963ರಲ್ಲಿ ಎಡ್ಮಂಡ್ ಗೆಟಿಯರ್ ಎಂಬ ಅಮೆರಿಕದ ತತ್ತ್ವಜ್ಞಾನಿ ಮೂರೇ ಪುಟಗಳ ಒಂದು ಲೇಖನ ಬರೆದು, ಮೂರೂ ಇದ್ದೂ ಜ್ಞಾನವಿಲ್ಲದಿರುವುದು ಸಾಧ್ಯ ಎಂದು ತೋರಿಸಿದರು. ಅಲ್ಲಿಂದೀಚೆಗೆ ಅದಕ್ಕೆ ಉತ್ತರ ಹುಡುಕುವುದೇ ಒಂದು ದೊಡ್ಡ ಉದ್ಯಮವಾಗಿದೆ.

ಇದೇ ಮಾತನ್ನು ಸುಮಾರು 8ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಹೇಳಿದ್ದ ಬಗೆ ಇನ್ನೂ ಚೆಲುವಾಗಿದೆ. ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸುವುದು ಭಾರತೀಯ ತರ್ಕದ ಮೊದಲ ಪಾಠ. ಧರ್ಮೋತ್ತರ ಅದನ್ನೇ ತುಸು ತಿರುಗಿಸುತ್ತಾನೆ. ದೂರದಲ್ಲಿ ಯಾರೋ ಮಾಂಸ ಸುಡಲು ಆಗಷ್ಟೇ ಬೆಂಕಿ ಹಚ್ಚಿದ್ದಾರೆ; ಹೊಗೆ ಇನ್ನೂ ಎದ್ದಿಲ್ಲ. ಮಾಂಸದ ವಾಸನೆಗೆ ಹುಳುಗಳು ಕಪ್ಪಾಗಿ ಮುತ್ತಿಕೊಂಡಿವೆ. ದಾರಿಹೋಕ ಅದನ್ನು ಕಂಡು ‘ಹೊಗೆ’ ಎಂದುಕೊಳ್ಳುತ್ತಾನೆ, ಹಾಗಾಗಿ ‘ಅಲ್ಲಿ ಬೆಂಕಿಯಿದೆ’ ಎಂದು ತೀರ್ಮಾನಿಸುತ್ತಾನೆ. ಬೆಂಕಿ ನಿಜವಾಗಿಯೂ ಇದೆ. ಆದರೆ ಅವನಿಗೆ ಅದು ತಿಳಿದಿದೆ ಎನ್ನಲಾದೀತೇ? 12ನೇ ಶತಮಾನದ ಶ್ರೀಹರ್ಷ ‘ಖಂಡನಖಂಡಖಾದ್ಯ’ದಲ್ಲಿ ಇನ್ನೂ ಸರಳ ಉದಾಹರಣೆ ಕೊಡುತ್ತಾನೆ: ಮುಷ್ಟಿಯಲ್ಲಿ ಎಷ್ಟು ಕವಡೆಯಿವೆ ಎಂದು ಕೇಳಿದರೆ ಸುಮ್ಮನೆ ಐದು ಎನ್ನುತ್ತೇನೆ, ಮುಷ್ಟಿ ಬಿಚ್ಚಿದರೆ ಐದೇ ಇರುತ್ತವೆ. ಸತ್ಯ ಕೈಗೆ ಸಿಕ್ಕಿತು, ಜ್ಞಾನ ಸಿಗಲಿಲ್ಲ.

ಇದು ಬರಿಯ ತರ್ಕದ ಕಸರತ್ತು ಎಂದು ಬದಿಗಿಡುವವರಿದ್ದಾರೆ. ಹಾಗಲ್ಲ ಎಂದು ನನಗೆ ಮನವರಿಕೆ ಮಾಡಿಸಿದ್ದು ಒಂದು ಹಡಗಿನ ಪ್ರಸಂಗ. ಲಂಡನ್ನಿನ ಗಣಿತಜ್ಞ ವಿಲಿಯಂ ಕಿಂಗ್ಡನ್ ಕ್ಲಿಫರ್ಡ್ 1877ರಲ್ಲಿ ಪ್ರಕಟಿಸಿದ, ನಂಬಿಕೆಯ ನೀತಿಯನ್ನು ಕುರಿತ ಪ್ರಬಂಧ ಅದರಿಂದಲೇ ಶುರುವಾಗುತ್ತದೆ. ಹಡಗಿನ ಮಾಲೀಕನೊಬ್ಬ ವಲಸೆಹೋಗುವ ಕುಟುಂಬಗಳನ್ನು ತುಂಬಿಸಿ ಹಡಗು ಕಳಿಸಲಿದ್ದಾನೆ. ಹಡಗು ಹಳೆಯದು, ಮೊದಲೇ ಅಷ್ಟು ಗಟ್ಟಿಯಾಗಿ ಕಟ್ಟಿದ್ದಲ್ಲ, ಹಲವು ಬಾರಿ ರಿಪೇರಿ ಕಂಡಿದೆ. ಇದು ಪಯಣಕ್ಕೆ ಯೋಗ್ಯವೇ ಎಂಬ ಅನುಮಾನ ಅವನಿಗೆ ಬಂದಿದೆ. ಪರೀಕ್ಷೆ ಮಾಡಿಸಿದರೆ ಖರ್ಚು. ಅವನು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಾನೆ: ಎಷ್ಟೋ ಪ್ರಯಾಣ ಮುಗಿಸಿ ಬಂದ ಹಡಗಲ್ಲವೇ, ನಾಡು ಬಿಟ್ಟು ಹೊರಟ ಇಷ್ಟೊಂದು ಸಂಸಾರಗಳನ್ನು ದೇವರು ಕೈಬಿಡುವನೇ, ಕಟ್ಟಿದವರ ಪ್ರಾಮಾಣಿಕತೆಯನ್ನು ಅನುಮಾನಿಸುವುದು ಸಣ್ಣತನವಲ್ಲವೇ. ಹೀಗೆ ಹೇಳಿಕೊಳ್ಳುತ್ತಾ ಹೇಳಿಕೊಳ್ಳುತ್ತಾ ನಿಜವಾಗಿಯೂ ನಂಬಿಬಿಡುತ್ತಾನೆ. ಹಗುರ ಮನಸ್ಸಿನಿಂದ ಹಡಗನ್ನು ಬೀಳ್ಕೊಡುತ್ತಾನೆ. ನಡುಗಡಲಿನಲ್ಲಿ ಹಡಗು ಮುಳುಗುತ್ತದೆ. ವಿಮೆಯ ಹಣ ಬರುತ್ತದೆ.

ಅವನು ಸುಳ್ಳು ಹೇಳಲಿಲ್ಲ. ಹಡಗು ಸುರಕ್ಷಿತ ಎಂಬ ಅವನ ನಂಬಿಕೆ ಪ್ರಾಮಾಣಿಕವಾಗಿತ್ತು. ಆದರೂ ಆ ಸಾವುಗಳಿಗೆ ಅವನೇ ಹೊಣೆ ಎನ್ನುತ್ತಾರೆ ಕ್ಲಿಫರ್ಡ್. ಏಕೆಂದರೆ ಅವನ ಎದುರಿಗಿದ್ದ ಆಧಾರಗಳನ್ನು ಇಟ್ಟುಕೊಂಡು ಹಾಗೆ ನಂಬುವ ಹಕ್ಕೇ ಅವನಿಗಿರಲಿಲ್ಲ. ಆಮೇಲೆ ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಹಡಗು ಮುಳುಗದೆ ದಡ ಸೇರಿತೆಂದೇ ಇಟ್ಟುಕೊಳ್ಳಿ. ಆಗಲೂ ಅವನ ತಪ್ಪು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಅವನ ಮಾತು ನಿಜವಾಯಿತು, ಅಷ್ಟೇ. ಧರ್ಮೋತ್ತರನ ದಾರಿಹೋಕನ ಮಾತು ನಿಜವಾದಂತೆ, ಶ್ರೀಹರ್ಷನ ಕವಡೆ ಐದಾದಂತೆ. ಆಧಾರವಿಲ್ಲದ ಮಾತು ನಿಜವಾದರೆ ಮಾತಾಡಿದವನಿಗೆ ಅದರಲ್ಲಿ ಪುಣ್ಯವಿಲ್ಲ. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1896ರಲ್ಲಿ ಕ್ಲಿಫರ್ಡರಿಗೆ ಉತ್ತರ ಕೊಟ್ಟರು. ಆಧಾರ ಪೂರ್ತಿಯಾಗುವವರೆಗೆ ಕಾಯಲಾಗದ ನಿರ್ಧಾರಗಳು ಬದುಕಿನಲ್ಲಿ ಇವೆ ಎಂದರು. ಆ ಮಾತಿನಲ್ಲೂ ಹುರುಳಿದೆ. ಆದರೆ ಹಡಗಿನ ಮಾಲೀಕನಿಗೆ ಅದು ರಕ್ಷಣೆಯಾಗುವುದಿಲ್ಲ. ಕಾಯಲು ಅವನಿಗೆ ಸಮಯವಿತ್ತು, ಪರೀಕ್ಷೆಗೆ ದಾರಿಯಿತ್ತು. ಅವನು ತಿಳಿಯದವನಾಗಿ ಉಳಿಯಲು ದುಡಿದ. ಇಲ್ಲಿ ಬಚ್ಚಿಟ್ಟವನೂ ಅವನೇ, ಬಚ್ಚಿಟ್ಟದ್ದು ಅವನಿಂದಲೇ. ಹಡಗಿನಲ್ಲಿ ಕೂತ ಕುಟುಂಬಗಳ ಮುಗ್ಧತೆಯೇ ಬೇರೆ, ದಡದ ಮೇಲೆ ನಿಂತವನ ನಿಶ್ಚಿಂತೆಯೇ ಬೇರೆ.

ಅರಿಸ್ಟಾಟಲ್ ತನ್ನ ‘ನಿಕೊಮೇಕಿಯನ್ ಎಥಿಕ್ಸ್’ನ ಮೂರನೆಯ ಅಧ್ಯಾಯದಲ್ಲಿ ಈ ವ್ಯತ್ಯಾಸಕ್ಕೆ ಅಳತೆಗೋಲು ಕೊಟ್ಟಿದ್ದಾನೆ. ವಿಷಯ ಗೊತ್ತಿಲ್ಲದ ಕಾರಣಕ್ಕೇ ನಡೆದುಹೋದ ಕೆಲಸ ಒಂದು ಬಗೆ. ಕುಡಿದವನು ಮೈಮರೆತು ಮಾಡಿದ ಕೆಲಸ ಇನ್ನೊಂದು ಬಗೆ. ಆ ಗಳಿಗೆಯಲ್ಲಿ ಅವನಿಗೂ ತಿಳಿವಿಲ್ಲ, ಆದರೆ ಆ ತಿಳಿಗೇಡಿತನವನ್ನು ತಂದುಕೊಂಡವನು ಅವನೇ. ಕುಡಿದು ಮಾಡಿದ ಅಪರಾಧಕ್ಕೆ ಎರಡು ಪಟ್ಟು ದಂಡ ವಿಧಿಸುವ ಕಾನೂನಿತ್ತೆಂದು ಅವನು ನೆನಪಿಸುತ್ತಾನೆ. ತಿಳಿದುಕೊಳ್ಳಬೇಕಾಗಿದ್ದನ್ನು, ತಿಳಿದುಕೊಳ್ಳಲು ಕಷ್ಟವಿಲ್ಲದ್ದನ್ನು ತಿಳಿಯಲಿಲ್ಲ ಎಂದರೆ ಅದು ಕ್ಷಮೆಗೆ ಕಾರಣವಲ್ಲ. ಇಷ್ಟೇ ಆಗಿದ್ದರೆ ಇದು ಕಾನೂನು ಪುಸ್ತಕದ ಮಾತಾಗುತ್ತಿತ್ತು. ಅವನು ಇನ್ನೊಂದು ಷರತ್ತು ಸೇರಿಸುತ್ತಾನೆ: ತಿಳಿಯದೆ ಮಾಡಿದ್ದು ನಿಜವಾಗಿಯೂ ಇಚ್ಛೆಗೆ ವಿರುದ್ಧವಾದದ್ದು ಎನ್ನಬೇಕಾದರೆ, ತಿಳಿದ ಮೇಲೆ ಮಾಡಿದವನಿಗೆ ನೋವಾಗಬೇಕು. ತಿಳಿದೂ ಏನೂ ಅನ್ನಿಸದವನನ್ನು ಅವನು ಆ ಸಾಲಿಗೆ ಸೇರಿಸುವುದಿಲ್ಲ. ಹಾಗಾದರೆ ಒಬ್ಬನ ನಿರ್ದೋಷತೆ ಅವನಿಗೆ ತಿಳಿವಿಲ್ಲದ ಕಾಲದಲ್ಲಿ ಪೂರ್ತಿ ತೀರ್ಮಾನವಾಗುವುದಿಲ್ಲ. ತಿಳಿದ ಮೇಲೆ ಅವನು ಏನಾಗುತ್ತಾನೆ ಎಂಬುದರಲ್ಲೂ ಅದು ನಿಂತಿದೆ.

ಇಲ್ಲಿಗೆ ಈಡಿಪಸ್ ಬರಲೇಬೇಕು. ಪಿ. ಲಂಕೇಶ್ ಅವರು ‘ದೊರೆ ಈಡಿಪಸ್’ ಎಂದು ಕನ್ನಡಕ್ಕೆ ತಂದ ಸೊಫೋಕ್ಲಿಸನ ನಾಟಕ ಕ್ರಿಸ್ತಪೂರ್ವ 5ನೇ ಶತಮಾನದ್ದು. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ದೊರೆ ಎಂದಷ್ಟೇ ಅದು ಜನಜನಿತವಾಗಿದೆ. ನಾಟಕ ಶುರುವಾಗುವ ಹೊತ್ತಿಗೆ ಅವೆರಡೂ ಮುಗಿದು ವರ್ಷಗಳು ಕಳೆದಿವೆ. ರಂಗದ ಮೇಲೆ ನಡೆಯುವುದು ಒಂದೇ ಕೆಲಸ, ವಿಚಾರಣೆ. ಥೀಬ್ಸ್ ನಗರಕ್ಕೆ ಪಿಡುಗು ಬಡಿದಿದೆ. ಹಿಂದಿನ ದೊರೆ ಲೇಯಸನನ್ನು ಕೊಂದವನನ್ನು ಹುಡುಕಿ ಹೊರಗೆ ಹಾಕಿದರೆ ಮಾತ್ರ ಬಿಡುಗಡೆ ಎಂದು ಡೆಲ್ಫಿಯ ದೈವವಾಣಿ ಹೇಳಿದೆ. ಈಡಿಪಸ್ ಹುಡುಕಲು ಹೊರಡುತ್ತಾನೆ. ಅವನಿಗೆ ಅಡ್ಡ ನಿಲ್ಲುವವರೆಲ್ಲ ತಿಳಿದವರೇ. ಕುರುಡ ಜ್ಯೋತಿಷಿ ಟೈರೀಸಿಯಸನಿಗೆ ಎಲ್ಲ ಗೊತ್ತು, ಅವನು ಬಾಯಿ ಬಿಡಲು ಒಲ್ಲೆ ಎನ್ನುತ್ತಾನೆ. ರಾಣಿ ಯೊಕಾಸ್ಟಾಳಿಗೆ ಸತ್ಯ ಅವನಿಗಿಂತ ಒಂದು ದೃಶ್ಯ ಮೊದಲೇ ಹೊಳೆದುಬಿಡುತ್ತದೆ. ನೀನು ಯಾರೆಂಬುದು ನಿನಗೆ ಎಂದೂ ತಿಳಿಯದಿರಲಿ ಎಂದು ಬೇಡಿಕೊಂಡು ಒಳಗೆ ಹೋಗುತ್ತಾಳೆ.

ಕೊನೆಗೆ ಮುದಿ ಕುರುಬನನ್ನು ಹಿಡಿದು ತರುತ್ತಾರೆ. ಕಣಕಾಲುಗಳಿಗೆ ಮೊಳೆ ಚುಚ್ಚಿ ಬೆಟ್ಟಕ್ಕೆ ಎಸೆಯಲು ಕೊಟ್ಟ ಕೂಸನ್ನು ಕೊಲ್ಲಲಾರದೆ ಕೊರಿಂತ್‌ನವನಿಗೆ ಒಪ್ಪಿಸಿದವನು ಅವನು. ಒಂದೊಂದು ಉತ್ತರಕ್ಕೂ ತಡೆದು ತಡೆದು ನಿಲ್ಲುತ್ತಾನೆ. ಈಡಿಪಸ್ ಅವನ ಕೈಗಳನ್ನು ಹಿಂದಕ್ಕೆ ತಿರುಚಿ ಹಿಡಿಯಲು ಹೇಳುತ್ತಾನೆ. ಭಯಂಕರವಾದದ್ದನ್ನು ಹೇಳುವ ಅಂಚಿಗೆ ಬಂದೆನಲ್ಲಾ ಎಂದು ಮುದುಕ ಗೋಳಾಡುತ್ತಾನೆ. ನಾನು ಕೇಳುವ ಅಂಚಿಗೆ ಬಂದಿದ್ದೇನೆ, ಆದರೂ ಕೇಳಲೇಬೇಕು ಎನ್ನುತ್ತಾನೆ ದೊರೆ. ಇಡೀ ನಾಟಕದಲ್ಲಿ ನನಗೆ ಇದಕ್ಕಿಂತ ದೊಡ್ಡ ಸಾಲು ಕಾಣುವುದಿಲ್ಲ. ಆ ಹೊತ್ತಿಗೆ ಅವನು ಮುಕ್ಕಾಲು ಪಾಲು ಊಹಿಸಿದ್ದಾನೆ. ನಿಲ್ಲಿಸಿದರೆ ನಿಲ್ಲುತ್ತದೆ, ಹಡಗಿನ ಮಾಲೀಕನಂತೆ ಸಮಾಧಾನ ಹೇಳಿಕೊಳ್ಳಲು ಒಂದು ಎಳೆಯೂ ಉಳಿದಿದೆ. ಲೇಯಸನನ್ನು ಕೊಂದವರು ಹಲವರು ಎಂದು ಮೊದಲು ಸುದ್ದಿಯಾಗಿತ್ತು, ಒಬ್ಬ ಹಲವರಾಗುವುದಿಲ್ಲವಲ್ಲ! ಆದರೂ ಅವನು ಕೇಳುತ್ತಾನೆ.

ಹಾಗೆಂದು ಅವನು ಹಿಂದೆ ಎಡವಿಲ್ಲವೆಂದಲ್ಲ. ಆ ಕೂಸು ಅವನೇ; ಬೆಳೆದದ್ದು ಕೊರಿಂತ್ ನಗರದಲ್ಲಿ, ಅಲ್ಲಿನ ದೊರೆಯ ಮಗನಾಗಿ. ಕೊರಿಂತ್‌ನಲ್ಲಿ ಒಬ್ಬ ಕುಡುಕ ‘ನೀನು ಈ ತಂದೆಯ ಮಗನಲ್ಲ’ ಎಂದು ಹಂಗಿಸಿದ್ದಕ್ಕೇ ಅವನು ಡೆಲ್ಫಿಗೆ ಹೋದದ್ದು. ಅಲ್ಲಿ ಹುಟ್ಟಿನ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ತಂದೆಯನ್ನು ಕೊಲ್ಲುವೆ ಎಂಬ ಭವಿಷ್ಯ ಸಿಕ್ಕಿತು. ಆಗ ಅವನು ಕೊರಿಂತ್‌ನಿಂದ ಓಡಿಹೋದ, ಅಲ್ಲಿರುವವರೇ ತನ್ನ ತಂದೆತಾಯಿ ಎಂಬುದು ಖಚಿತವಾಗಿದ್ದವನ ಹಾಗೆ. ಯಾವ ಅನುಮಾನ ಅವನನ್ನು ಮನೆಯಿಂದ ಹೊರಡಿಸಿತ್ತೋ ಆ ಅನುಮಾನವನ್ನೇ ಮರೆತ. ಮೂರು ದಾರಿ ಕೂಡುವಲ್ಲಿ ತಂದೆಯ ವಯಸ್ಸಿನವನೊಬ್ಬನನ್ನು ಕೊಂದ. ಇದನ್ನು ಹಿಡಿದುಕೊಂಡು ಅವನೇ ತಪ್ಪಿತಸ್ಥ ಎನ್ನುವ ವಿಮರ್ಶಕರಿದ್ದಾರೆ. ಇ. ಆರ್. ಡಾಡ್ಸ್ ಎಂಬ ಗ್ರೀಕ್ ವಿದ್ವಾಂಸರು 1966ರ ಪ್ರಸಿದ್ಧ ಪ್ರಬಂಧದಲ್ಲಿ ಈ ಬಗೆಯ ತಪ್ಪು ಹುಡುಕಾಟವನ್ನು ಖಂಡಿಸಿದರು. ನಾನು ಡಾಡ್ಸರ ಕಡೆಗೇ ನಿಲ್ಲುತ್ತೇನೆ. ಎಡವಿದ್ದಕ್ಕೂ ಕಣ್ಣುಮುಚ್ಚಿಕೊಂಡಿದ್ದಕ್ಕೂ ಅಂತರವಿದೆ. ಹಡಗಿನ ಮಾಲೀಕನಿಗೆ ತಿಳಿಯದಿರುವುದರಿಂದ ಲಾಭವಿತ್ತು; ಈಡಿಪಸ್ ಅರಮನೆಯನ್ನೂ ತಂದೆತಾಯಿಯನ್ನೂ ಬಿಟ್ಟು ಓಡಿದ್ದು ಪಾಪ ತಟ್ಟದಿರಲೆಂದು.

ಸೊಫೋಕ್ಲಿಸ್‌ಗೂ ಈ ಪ್ರಶ್ನೆ ಬಿಟ್ಟುಹೋಗಲಿಲ್ಲ. ಅವನು ತೀರಿಕೊಂಡ ಮೇಲೆ, ಕ್ರಿ.ಪೂ. 401ರಲ್ಲಿ, ರಂಗಕ್ಕೆ ಬಂದ ‘ಕೊಲೋನಸ್‌ನಲ್ಲಿ ಈಡಿಪಸ್’ ನಾಟಕದಲ್ಲಿ ಮುದುಕನಾದ ಕುರುಡ ಈಡಿಪಸ್ ತನ್ನ ಪರವಾಗಿ ತಾನೇ ವಾದಿಸುತ್ತಾನೆ. ನಾನು ಮಾಡಿದ್ದಕ್ಕಿಂತ ಅನುಭವಿಸಿದ್ದೇ ಹೆಚ್ಚು, ತಿಳಿಯದೆ ಆದದ್ದು, ಕಾನೂನಿನ ಮುಂದೆ ನಾನು ಶುದ್ಧ. ಅದೇ ಮನುಷ್ಯ, ಸತ್ಯ ತಿಳಿದ ಗಳಿಗೆಯಲ್ಲಿ, ಯೊಕಾಸ್ಟಾಳ ಉಡುಪಿನ ಸೂಜಿಗಳಿಂದ ತನ್ನ ಕಣ್ಣುಗಳನ್ನು ತಾನೇ ಇರಿದುಕೊಂಡಿದ್ದ. ಎರಡೂ ನಿಜವಾಗಿರುವುದು ಹೇಗೆ ಸಾಧ್ಯ? ಇಂಗ್ಲೆಂಡಿನ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಇದಕ್ಕೆ ಒಂದು ದಾರಿ ತೋರಿಸಿದರು. ಯಾವ ತಪ್ಪೂ ಇಲ್ಲದ ಲಾರಿ ಚಾಲಕನೊಬ್ಬನ ಗಾಲಿಗೆ ಮಗುವೊಂದು ಸಿಕ್ಕಿ ಸಾಯುತ್ತದೆ. ನೋಡಿದವರೆಲ್ಲರಿಗೂ ದುಃಖವಾಗುತ್ತದೆ, ಆದರೆ ಚಾಲಕನ ದುಃಖ ಆ ಸಾಲಿನದಲ್ಲ. ಮಾಡಿದವನು ತಾನು ಎಂಬುದು ಅವನನ್ನು ಬಿಡುವುದಿಲ್ಲ. ‘ನಿನ್ನ ತಪ್ಪಿಲ್ಲ’ ಎಂದು ನಾವು ಹೇಳುತ್ತೇವೆ, ಹೇಳಬೇಕು. ಆದರೆ ಅದನ್ನು ಕೇಳಿದ ಕೂಡಲೇ ಅವನು ನಿರಾಳವಾಗಿಬಿಟ್ಟರೆ ನಮಗೇ ಅವನ ಬಗ್ಗೆ ಅನುಮಾನ ಬರುತ್ತದೆ. ಅರಿಸ್ಟಾಟಲ್ ಕೇಳಿದ ಆ ನೋವು ಇದೇ.

ಹಾಗಾದರೆ ತಿಳಿದವರು ತಿಳಿಯದವರಿಗೆ ಎಲ್ಲವನ್ನೂ ಹೇಳಿಬಿಡಬೇಕೇ? ಬಚ್ಚಿಡುವುದೆಲ್ಲ ಪಾಪವೇ? ಮಹಾಭಾರತ ಇದಕ್ಕೆ ಬಹಳ ಕಟುವಾದ ಉತ್ತರ ಕೊಡುತ್ತದೆ. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವೆನೆಂದು ವ್ರತ ತೊಟ್ಟು, ಊರಾಚೆ ನದಿಗಳು ಕೂಡುವಲ್ಲಿ ಇದ್ದವನು. ಕಳ್ಳರಿಗೆ ಹೆದರಿದ ಜನ ಪಕ್ಕದ ಕಾಡಿನಲ್ಲಿ ಅವಿತುಕೊಂಡರು. ಕಳ್ಳರು ಬಂದು, ಸತ್ಯವಂತರಲ್ಲವೇ, ಹೇಳಿ, ಯಾವ ದಾರಿ ಹಿಡಿದರು ಎಂದು ಕೇಳಿದರು. ಅವನು ಹೇಳಿದ. ಜನ ಸತ್ತರು. ಕೌಶಿಕ ನರಕಕ್ಕೆ ಹೋದ. 1797ರಲ್ಲಿ ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಹೆಚ್ಚುಕಡಿಮೆ ಇದೇ ಸಂದರ್ಭವನ್ನು, ಅಂದರೆ ಬಾಗಿಲಿಗೆ ಬಂದ ಕೊಲೆಗಾರ ನಿಮ್ಮ ಗೆಳೆಯ ಮನೆಯಲ್ಲಿದ್ದಾನೆಯೇ ಎಂದು ಕೇಳಿದರೆ ಏನು ಹೇಳಬೇಕೆಂಬುದನ್ನು, ಚರ್ಚಿಸಿ, ಅಲ್ಲಿಯೂ ಸುಳ್ಳು ಹೇಳಬಾರದು ಎಂದುಬಿಟ್ಟ. ಈ ಒಂದು ವಿಷಯದಲ್ಲಿ ಕಾಂಟ್‌ಗಿಂತ ಕೃಷ್ಣನ ಕಥೆಯೇ ಹೆಚ್ಚು ತಿಳಿವುಳ್ಳದ್ದು ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಸತ್ಯ ಯಾರ ಕೈಗೆ ಹೋಗುತ್ತಿದೆ ಎಂಬ ಅರಿವಿಲ್ಲದೆ ಅದನ್ನು ಕೊಟ್ಟುಬಿಡುವುದು ಮುಗ್ಧತೆಯಂತೆ ಕಾಣಬಹುದು. ಸತ್ತವರ ಪಾಲಿಗೆ ಅದು ಹಾಗಿರಲಿಲ್ಲ.

ಕೌಶಿಕನ ಕಥೆ ಹೇಳುತ್ತಿರುವ ಕೃಷ್ಣನೇ ಕೆಲವು ದಿನಗಳ ಹಿಂದೆ ಒಂದು ಸತ್ಯವನ್ನು ಸರಿಯಾಗಿ ಆಯ್ದ ಕಿವಿಯೊಂದಕ್ಕೆ ಮಾತ್ರ ಹಾಕಿದ್ದ. ಸಂಧಾನ ಮುರಿದುಬಿದ್ದು ಹಸ್ತಿನಾವತಿಯಿಂದ ಹೊರಡುವಾಗ ಕರ್ಣನನ್ನು ಮೈದುನನೆಂಬ ಸರಸದಲ್ಲಿ ರಥಕ್ಕೆ ಎಳೆದು ಕೂರಿಸಿಕೊಂಡು, ನೀನು ಕುಂತಿಯ ಮಗ ಎಂದು ತಿಳಿಸುತ್ತಾನೆ. ವ್ಯಾಸಭಾರತದ ಕರ್ಣ ಇದೆಲ್ಲ ನನಗೆ ಗೊತ್ತಿದೆ ಎಂದೇ ಉತ್ತರಿಸುತ್ತಾನೆ. 15ನೇ ಶತಮಾನದ ನಮ್ಮ ಕುಮಾರವ್ಯಾಸ ಅಲ್ಲಿ ಬೇರೆ ಹಾದಿ ಹಿಡಿದ. ಅವನ ಕರ್ಣನ ಗಂಟಲ ನರಗಳು ಉಬ್ಬುತ್ತವೆ, ಕಣ್ಣೀರು ನುಗ್ಗುತ್ತದೆ, ದುರ್ಯೋಧನನಿಗೆ ಕೇಡಾಯಿತಲ್ಲಾ ಎಂದು ಮನಸ್ಸಿನಲ್ಲೇ ನೋಯುತ್ತಾನೆ. ಆಮೇಲೆ ಈ ಸಾಲು:

ಹರಿಯ ಹಗೆ ಹೊಗೆದೋರದುರುಹದೆ
ಬರಿದೆ ಹೋಹುದೆ ತನ್ನ ವಂಶವ
ನರುಹಿ ಕೊಂದನು

ಹರಿಯ ಹಗೆ ಹೊಗೆಯನ್ನೂ ತೋರದೆ ಸುಡುತ್ತದೆ. ನನ್ನ ಕುಲವನ್ನು ತಿಳಿಸಿಯೇ ನನ್ನನ್ನು ಕೊಂದ. ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕರ ನಾಡಿನಲ್ಲಿ, ಹೊಗೆಯ ಸುಳಿವೇ ಇಲ್ಲದ ಬೆಂಕಿಯನ್ನು ಕುಮಾರವ್ಯಾಸ ಕಂಡಿದ್ದಾನೆ. ಈ ಸತ್ಯದಲ್ಲಿ ಸುಳ್ಳಿನ ಲೇಶವೂ ಇಲ್ಲ, ಹಿತವಾದ ಮಾತಿನಂತೆಯೇ ಅದು ಬಂದಿದೆ. ಆದರೂ ಅದು ಆಯುಧ. ತಿಳಿಸಿದ ಕೃಷ್ಣನಿಗೆ ಅದು ಆಯುಧವೆಂದು ಗೊತ್ತು, ತಿಳಿದ ಕರ್ಣನಿಗೂ ಗೊತ್ತು.

ಈಡಿಪಸನ ಪಕ್ಕದಲ್ಲಿ ಕರ್ಣನನ್ನು ನಿಲ್ಲಿಸಿ ನೋಡಿ. ಇಬ್ಬರೂ ಹುಟ್ಟಿದೊಡನೆ ಹೆತ್ತವರ ಕೈಬಿಟ್ಟುಹೋದವರು, ಇಬ್ಬರೂ ಸಾಕಿದವರ ಪ್ರೀತಿಯಲ್ಲಿ ಬೆಳೆದವರು, ಇಬ್ಬರಿಗೂ ಹುಟ್ಟಿನ ಸತ್ಯ ತಡವಾಗಿ ಮುಟ್ಟಿತು. ಈಡಿಪಸ್‌ಗೆ ಎಲ್ಲ ಮುಗಿದ ಮೇಲೆ ತಿಳಿಯಿತು. ಕರ್ಣನಿಗೆ ಯುದ್ಧಕ್ಕೆ ಮೊದಲೇ. ತಮ್ಮಂದಿರ ಮೇಲೆ ಅವನು ಎತ್ತಿದ ಬಿಲ್ಲಿಗೆ ಅರಿಯದೆ ಎಂಬ ನೆಪವಿಲ್ಲ. ಮುಗ್ಧನಾಗಿ ಉಳಿಯುವ ಅವಕಾಶವನ್ನು ಕೃಷ್ಣ ಅವನಿಂದ ಕಿತ್ತುಕೊಂಡ. ಆದರೆ ಅದೇ ಅವಕಾಶವನ್ನು ಕರ್ಣ ತಮ್ಮಂದಿರಿಗೆ ಉಳಿಸಿಕೊಟ್ಟ. ಈ ಮಾತು ನಮ್ಮಲ್ಲೇ ಇರಲಿ ಎಂದು ವ್ಯಾಸಭಾರತದಲ್ಲಿ ಅವನು ಕೃಷ್ಣನನ್ನು ಕೇಳಿಕೊಳ್ಳುತ್ತಾನೆ. ನಾನು ಹಿರಿಯನೆಂದು ತಿಳಿದರೆ ಯುಧಿಷ್ಠಿರ ರಾಜ್ಯವನ್ನು ತೆಗೆದುಕೊಳ್ಳುವುದಿಲ್ಲ, ನನಗೆ ಕೊಟ್ಟರೆ ನಾನದನ್ನು ದುರ್ಯೋಧನನಿಗೇ ಕೊಟ್ಟುಬಿಡುತ್ತೇನೆ. ಕಾರಣ ಉದಾತ್ತವಾಗಿದೆ. ಇದನ್ನು ಓದುವಾಗಲೆಲ್ಲ ಕರ್ಣನ ಮೇಲಿನ ನನ್ನ ಗೌರವ ಹೆಚ್ಚುತ್ತದೆ. ಆದರೆ ಅದರ ಫಲವನ್ನೂ ನೋಡಬೇಕು. ಐದು ಜನ ತಮ್ಮ ಅಣ್ಣನೆಂದು ತಿಳಿಯದೆ ಒಬ್ಬನ ಮೇಲೆ ಯುದ್ಧ ಮಾಡಿದರು, ಕೊಂದರು, ಕೊಂದು ಸಂತೋಷಪಟ್ಟರು.

ಯುದ್ಧ ಮುಗಿದ ಮೇಲೆ, ಗಂಗೆಯ ದಡದಲ್ಲಿ ಸತ್ತವರಿಗೆ ನೀರು ಬಿಡುವಾಗ, ಕುಂತಿ ಬಾಯಿ ತೆರೆಯುತ್ತಾಳೆ: ಕರ್ಣನಿಗೂ ನೀರು ಬಿಡಿ, ಅವನು ನಿಮ್ಮ ಅಣ್ಣ. ಶಾಂತಿಪರ್ವ ಯುಧಿಷ್ಠಿರನ ಸಂಕಟದಿಂದಲೇ ತೆರೆದುಕೊಳ್ಳುತ್ತದೆ. 12 ವರ್ಷ ಕಾಡಿನಲ್ಲಿದ್ದಾಗ ಋಷ್ಯಶೃಂಗನ ಕಥೆಯನ್ನು ಲೋಮಶ ಋಷಿಯ ಬಾಯಿಂದ ಕೇಳಿದ್ದವನು ಇವನೇ. ಈಗ ನಾರದನ ಮುಂದೆ ಅವನಿಗೆ ಒಂದು ಹಳೆಯ ನೆನಪು ಬರುತ್ತದೆ. ಜೂಜಿನ ಸಭೆಯಲ್ಲಿ ಕರ್ಣ ಕಟುವಾದ ಮಾತುಗಳನ್ನಾಡುತ್ತಿದ್ದಾಗ ಅವನಿಗೆ ಸಿಟ್ಟು ಉಕ್ಕಿತ್ತು. ಆದರೆ ಕರ್ಣನ ಪಾದಗಳ ಮೇಲೆ ಕಣ್ಣು ಬಿದ್ದೊಡನೆ ಸಿಟ್ಟು ಇಳಿದುಹೋಯಿತು. ಅವು ತಾಯಿ ಕುಂತಿಯ ಪಾದಗಳ ಹಾಗೆಯೇ ಇದ್ದವು. ಈ ಹೋಲಿಕೆಗೆ ಏನು ಕಾರಣವಿರಬಹುದೆಂದು ಹುಡುಕಿದೆ, ಸಿಗಲಿಲ್ಲ ಎನ್ನುತ್ತಾನೆ. ಈಡಿಪಸನ ಗುರುತೂ ಕಾಲಲ್ಲೇ ಇತ್ತು, ಚುಚ್ಚಿದ ಕಣಕಾಲುಗಳಲ್ಲಿ. ಇಬ್ಬರ ಕಣ್ಣೆದುರಿಗೂ ಸುಳಿವಿತ್ತು, ಇಬ್ಬರಿಗೂ ಅದನ್ನು ಓದಲಾಗಲಿಲ್ಲ.

ಕ್ಲಿಫರ್ಡರ ಪರೀಕ್ಷೆಗೆ ಯುಧಿಷ್ಠಿರನನ್ನು ಒಡ್ಡಿದರೆ ಅವನು ಗೆಲ್ಲುತ್ತಾನೆ. ಅನುಮಾನವನ್ನು ಅವನು ಅದುಮಿಡಲಿಲ್ಲ, ಹುಡುಕಿದ. ಅರಿಸ್ಟಾಟಲನ ಪರೀಕ್ಷೆಯಲ್ಲೂ ಗೆಲ್ಲುತ್ತಾನೆ. ತಿಳಿದ ಮೇಲೆ ಅವನಿಗಾದ ನೋವಿಗೆ ರಾಜ್ಯವೇ ಬೇಡವಾಗುತ್ತದೆ. ವಿಲಿಯಮ್ಸರ ಲಾರಿ ಚಾಲಕನಂತೆ, ಯಾರು ಎಷ್ಟು ಸಮಾಧಾನ ಹೇಳಿದರೂ ಅವನಿಗೆ ಅದು ಮುಟ್ಟುವುದಿಲ್ಲ. ಇವೆಲ್ಲ ಆದ ಮೇಲೆ ಅವನು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಾನೆ: ಇದು ಗೊತ್ತಿದ್ದೂ ಹೇಳದವರು ಯಾರು? ಆದರೆ ಉತ್ತರವನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಾನೆ. ಇನ್ನು ಮುಂದೆ ಯಾವ ಹೆಣ್ಣಿನ ಬಾಯಲ್ಲೂ ಗುಟ್ಟು ನಿಲ್ಲದಿರಲಿ ಎಂದು ಶಪಿಸುತ್ತಾನೆ.

ಈ ಶಾಪ ನನಗೆ ಅನ್ಯಾಯವಾಗಿ ಕಾಣುತ್ತದೆ. ಮದುವೆಗೆ ಮುಂಚೆ ಹೆತ್ತ ಹುಡುಗಿಗೆ ಆ ಕಾಲದಲ್ಲಿ ಬಾಯಿ ಬಿಡಲು ಯಾವ ದಾರಿಯಿತ್ತು? ಅವಳೊಬ್ಬಳಿಗೇ ಅದು ಗೊತ್ತಿದ್ದದ್ದೂ ಅಲ್ಲ. ಭೀಷ್ಮನಿಗೆ ಗೊತ್ತಿತ್ತು, ಶರಶಯ್ಯೆಯ ಬಳಿಗೆ ಬಂದ ಕರ್ಣನಿಗೆ, ನೀನು ಕುಂತಿಯ ಮಗನೆಂದು ನಾರದನಿಂದಲೂ ವ್ಯಾಸನಿಂದಲೂ ಕೇಳಿ ಬಲ್ಲೆ ಎಂದು ಅವನೇ ಹೇಳುತ್ತಾನೆ. ಅಂದರೆ ವ್ಯಾಸನಿಗೆ ಗೊತ್ತಿತ್ತು. ಯಾರ ಮುಂದೆ ಯುಧಿಷ್ಠಿರ ಕಣ್ಣೀರಿಡುತ್ತಿದ್ದಾನೋ ಆ ನಾರದನಿಗೆ ಗೊತ್ತಿತ್ತು. ಕರ್ಣನ ರಥದ ಗಾಲಿ ನೆಲದಲ್ಲಿ ಹೂತು, ಅವನು ಇಳಿದು ಅದನ್ನು ಎತ್ತುತ್ತಿದ್ದಾಗ, ಎದುರಿನ ರಥದಲ್ಲಿ ಕುದುರೆಗಳ ಹಗ್ಗ ಹಿಡಿದು ಕೂತು ‘ಈಗಲೇ ಹೊಡೆ’ ಎಂದು ಅರ್ಜುನನಿಗೆ ಹೇಳಿದವನಿಗೂ ಬಾಣ ಯಾರು ಯಾರಿಗೆ ಬಿಡುತ್ತಿದ್ದಾರೆಂದು ಚೆನ್ನಾಗಿ ಗೊತ್ತಿತ್ತು.